ಕೊಡಗಿಗೆ ಬಂದ ಬಿಡುಗಡೆ

ಪ್ರಜಾಪೀಡಕನಾದ ದೊರೆಯನ್ನು ಪರರು ಬಂದು ಇಳಿಸಿದರೆ ಅದು ಧರ್ಮವೇ? ಕೊಡಗಿನ ಚಿಕ್ಕವೀರರಾಜೇಂದ್ರನು ಕ್ರೂರಿಯಾಗಿದ್ದನೆಂಬುದನ್ನು ನಾನು ಅಲ್ಲಗಳೆಯಲಾರೆ. ಸ್ವಂತ ಬಂಧುಗಳನ್ನೇ ಕೊಲ್ಲಿಸಿದವನು ಅವನು. 1834ರಲ್ಲಿ ಕಂಪೆನಿಯ ಸೇನೆಯು ಮಡಿಕೇರಿಯನ್ನು ಹಿಡಿದು ಅವನನ್ನು ಪದಚ್ಯುತನನ್ನಾಗಿ ಮಾಡಿತು. ಪ್ರಜೆಗಳ ಇಚ್ಛೆಯಂತೆಯೇ ರಾಜ್ಯವನ್ನು ಸೇರಿಸಿಕೊಂಡೆವೆಂದು ಸಾರಲಾಯಿತು. ಸೈನ್ಯ ಬೀಡುಬಿಟ್ಟಿದ್ದ ಊರಿನಲ್ಲಿ ಇಚ್ಛೆಯನ್ನು ಕೇಳುವುದೆಂದರೇನು, ಶ್ರೋತೃಗಳೇ ಊಹಿಸಬಹುದು!

ಬಳಿಕ ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಕಡಿದು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ಕೈಯಲ್ಲಿ ನಾಣ್ಯವಿಲ್ಲದ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. 1837ರಲ್ಲಿ ಆ ಸೀಮೆಯವರು ಹಳೆಯ ರಾಜವಂಶದ ಹೆಸರಿನಲ್ಲಿಯೇ ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದರು. ಕೊಡವರಲ್ಲಿ ಅನೇಕರು ಕಂಪೆನಿಯ ಪಕ್ಷವನ್ನೇ ಹಿಡಿದರೆಂಬುದನ್ನೂ ಹೇಳಬೇಕು. ದಂಗೆಯ ಮುಂದಾಳುಗಳನ್ನು ಮಂಗಳೂರಿನಲ್ಲಿ ಗಲ್ಲಿಗೇರಿಸಿದವರು, ಮೂರು ವರ್ಷಗಳ ಹಿಂದೆ ಬಿಡುಗಡೆಯ ಮಾತನ್ನಾಡುತ್ತ ಘಟ್ಟ ಹತ್ತಿದ್ದ ಅದೇ ಕಂಪೆನಿಯವರು.