ಕೊಡ್ತೀವಿ ಅಂದ ದುಡ್ಡು, ಬಂದ ದುಡ್ಡು

ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವನು. ಆದರೂ ನನ್ನ ಕೆಲಸ ಇರೋದು ಮಕ್ಕಳ ಲಸಿಕೆ ಸುತ್ತಲೇ. ಬಡ ದೇಶಗಳ ಲಸಿಕೆಗೆ ದುಡ್ಡು ಎಲ್ಲಿಂದ ಬರುತ್ತೆ, ಯಾವಾಗ ಬರುತ್ತೆ ಅಂತ ಲೆಕ್ಕ ಹಾಕೋದು. ಇದಕ್ಕೆ ಗ್ಲೋಬಲ್ ಹೆಲ್ತ್ ಫೈನಾನ್ಸಿಂಗ್ ಅಂತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದೆ. ಆಫ್ರಿಕಾದ ಒಂದು ದೇಶಕ್ಕೆ ದಾನಿಗಳು 'ಕೊಡ್ತೀವಿ' ಅಂದಿದ್ದ ಹಣವನ್ನು, ಬಂದೇಬಿಟ್ಟಿದೆ ಅಂತ ಎಕ್ಸೆಲ್‌ನಲ್ಲಿ ತುಂಬಿಬಿಟ್ಟೆ. ಹಣ ಬಂದಿದ್ದು ಏಳು ತಿಂಗಳು ತಡವಾಗಿ. ಅಷ್ಟರಲ್ಲಿ ಲಸಿಕೆ ಆರ್ಡರ್ ನಿಂತುಹೋಗಿತ್ತು. ಆಮೇಲೆ ಅಲ್ಲಿಗೆ ಹೋದಾಗ, ಹಳ್ಳಿಯ ಆರೋಗ್ಯ ಕೇಂದ್ರದ ನರ್ಸ್ ಒಬ್ಬರು ಫ್ರಿಜ್ ಬಾಗಿಲು ತೆಗೆದು ತೋರಿಸಿದರು. 'ಇದು ಖಾಲಿ ಇದ್ದಾಗ ತಾಯಂದಿರು ಎರಡು ಸಲ ಮಗು ಎತ್ಕೊಂಡು ನಡೆದು ಬಂದ್ರು. ಮೂರನೇ ಸಲ ಬರಲಿಲ್ಲ' ಅಂದರು. ನನಗೆ ಮಾತೇ ಹೊರಡಲಿಲ್ಲ.

ಅವತ್ತು ಅರ್ಥವಾಯ್ತು: ಎಷ್ಟು ಹಣ ಅನ್ನೋದರಷ್ಟೇ ಯಾವಾಗ ಅನ್ನೋದೂ ಮುಖ್ಯ.

ಇದಕ್ಕೆ ದಾರಿಗಳಿವೆ. 2000ದಲ್ಲಿ ಶುರುವಾದ, ಜಿನೀವಾದಲ್ಲಿರುವ 'ಗಾವಿ' ಲಸಿಕೆ ಒಕ್ಕೂಟದ ಹೆಸರು ಕೇಳಿರ್ತೀರಿ. ಅದಕ್ಕಾಗಿ ಬ್ರಿಟನ್, ಫ್ರಾನ್ಸ್‌ನಂಥ ದೇಶಗಳು ಮುಂದಿನ ಹಲವು ವರ್ಷ ಇಷ್ಟಿಷ್ಟು ಕೊಡ್ತೀವಿ ಅಂತ ಕಾನೂನುಬದ್ಧವಾಗಿ ಬರೆದುಕೊಡುತ್ತವೆ. ಆ ಪತ್ರದ ಬಲದ ಮೇಲೆ ಐಎಫ್‌ಎಫ್‌ಐಎಂ ಅನ್ನೋ ಸಂಸ್ಥೆ ಬಾಂಡ್ ಮಾರುತ್ತೆ. 2006ರ ಮೊದಲ ಬಾಂಡ್ 100 ಕೋಟಿ ಡಾಲರ್‌ನದ್ದು. ಮುಂದೆ ಬರೋ ಸಂಬಳ ನಂಬಿ ಇವತ್ತೇ ಹೋಮ್ ಲೋನ್ ತಗೊಳ್ತೀವಲ್ಲ, ಹಾಗೆ. ಬಡ್ಡಿಯೂ ಇದೆ. ಆದರೆ ಮಗುವಿಗೆ ಲಸಿಕೆ ಸಮಯಕ್ಕೆ ಸಿಗುತ್ತೆ.

ಜೊತೆಗೆ, ನೆರವು ಪಡೆಯೋ ದೇಶವೂ ಲಸಿಕೆಗೆ ತನ್ನ ಪಾಲು ಹಾಕಬೇಕು. ಆದಾಯ ಹೆಚ್ಚಿದಂತೆ ಪಾಲೂ ಹೆಚ್ಚುತ್ತೆ. ಇದು ಯಾಕೆ ಬೇಕು ಅಂತ 2025 ತೋರಿಸಿತು. ಅಮೆರಿಕ ವಿದೇಶಿ ನೆರವನ್ನು ದಿಢೀರನೆ ಕಡಿತ ಮಾಡಿದಾಗ, ಎಷ್ಟೋ ದೇಶಗಳ ಆರೋಗ್ಯ ಕಾರ್ಯಕ್ರಮಗಳು ನಡುದಾರಿಯಲ್ಲೇ ನಿಂತವು. ಈ ಕ್ಷೇತ್ರದಲ್ಲಿ ಸಾವಿರಾರು ಜನರ ಕೆಲಸವೂ ಹೋಯ್ತು. ಅದನ್ನ ನಿಮ್ಮಿಂದ ಮುಚ್ಚಿಡಲ್ಲ.

ಆದರೂ ಈ ಕೆಲಸ ಇಷ್ಟ ಅಂದ್ರೆ, ವಿದೇಶದ ಡಿಗ್ರಿಗೆ ಮೊದಲು ನಮ್ಮ ರಾಜ್ಯ ಬಜೆಟ್‌ನ ಆರೋಗ್ಯ ಇಲಾಖೆ ಲೆಕ್ಕ ತೆಗೆದು ನೋಡಿ. ಹಂಚಿಕೆ ಎಷ್ಟು, ಬಿಡುಗಡೆ ಎಷ್ಟು, ಖರ್ಚು ಎಷ್ಟು? ಮೂರೂ ಬೇರೆ ಬೇರೆ. ಆ ಅಂತರ ಯಾಕೆ ಅಂತ ಹುಡುಕೋಕೆ ಶುರು ಮಾಡಿದ್ರೆ, ನೀವು ಆಗಲೇ ಈ ಕೆಲಸಕ್ಕೆ ಇಳಿದಿದ್ದೀರಿ.