ಒಂದು ಕೈ ಬಿಡುವ ಮೊದಲು ಇನ್ನೊಂದು ಕೈ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಯ ನೆನಪುಗಳನ್ನು ಹೇಳುವವರು ಇಲ್ಲಿ ಬಹಳ ಮಂದಿ ಇದ್ದಾರೆ. ನಾನು ಈಜಿನ ಬಗ್ಗೆ, ಅದರಲ್ಲೂ ಈಜುವಾಗ ಎರಡು ಕೈಗಳ ಹೊಂದಾಣಿಕೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕಡೆಯವರು ಭಾವಿ, ಕೆರೆಗಳಲ್ಲಿ ಈಸು ಕಲಿತವರು. ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು ಇಳಿಯುತ್ತಿದ್ದರು. ತೇಲುವುದು ಬರುತ್ತಿತ್ತು. ಆದರೆ ತಲೆ ಎತ್ತಿ ಕೈ ಬಡಿಯುತ್ತ ಸ್ವಲ್ಪ ದೂರ ಹೋಗುವಷ್ಟರಲ್ಲೇ ದಣಿವು. ತೋಳಿನಲ್ಲಿ ಶಕ್ತಿ ಇರಲಿಲ್ಲವೆಂದಲ್ಲ. ಕೈಗಳಿಗೆ ಸರದಿ ಗೊತ್ತಿರಲಿಲ್ಲ.

ಫ್ರಂಟ್ ಕ್ರಾಲ್ ಈಜಿನಲ್ಲಿ ಪ್ರತಿ ಕೈಗೂ ನಾಲ್ಕು ಕೆಲಸ: ಮುಂದೆ ಚಾಚಿ ನೀರನ್ನು ಹಿಡಿಯುವುದು, ಎದೆಯ ಕೆಳಕ್ಕೆ ಎಳೆಯುವುದು, ತೊಡೆಯವರೆಗೆ ಹಿಂದಕ್ಕೆ ತಳ್ಳುವುದು, ನೀರಿನ ಮೇಲಿಂದ ಮತ್ತೆ ಮುಂದಕ್ಕೆ ತರುವುದು. ದೇಹವನ್ನು ಮುಂದೂಡುವುದು ಎಳೆತ ಮತ್ತು ತಳ್ಳುವಿಕೆ ಮಾತ್ರ.

ತಾಯಂದಿರಿಗೆ ಇದು ಬೇಗ ತಿಳಿಯುತ್ತದೆ. ಭಾವಿಯಿಂದ ಕೊಡ ಸೇದುವಾಗ ಒಂದು ಕೈ ಹಗ್ಗ ಬಿಡುವ ಮೊದಲು ಇನ್ನೊಂದು ಕೈ ಹಿಡಿದಿರುತ್ತದೆ. ಎರಡೂ ಬಿಟ್ಟರೆ ಕೊಡ ಕೆಳಗೆ! ನೀರಿನಲ್ಲಿ ಎರಡೂ ಕೈ ಸುಮ್ಮನಾದರೆ ದೇಹ ಹಿಂದಕ್ಕೆ ಹೋಗದು, ಆದರೆ ವೇಗ ಕರಗುತ್ತದೆ. ಅದನ್ನು ಮತ್ತೆ ಗಳಿಸಲು ಹೆಚ್ಚು ಶಕ್ತಿ ಬೇಕು.

ಫ್ರಾನ್ಸಿನ ದಿದಿಯೆ ಶೋಲೆ ಮತ್ತು ಸಂಗಡಿಗರು 2000ರಲ್ಲಿ ಈ ಹೊಂದಾಣಿಕೆಯನ್ನು ಅಳೆಯುವ ಸೂಚ್ಯಂಕವೊಂದನ್ನು ಪ್ರಕಟಿಸಿದರು. ಒಂದು ಕೈಯ ತಳ್ಳುವಿಕೆ ಮುಗಿದು ಇನ್ನೊಂದರ ಎಳೆತ ಶುರುವಾಗುವ ನಡುವೆ ಬಿಡುವಿದ್ದರೆ ಸೂಚ್ಯಂಕ ಸೊನ್ನೆಗಿಂತ ಕಡಿಮೆ. ಒಂದು ಮುಗಿದಲ್ಲೇ ಇನ್ನೊಂದು ಶುರುವಾದರೆ ಸೊನ್ನೆ. ಎರಡೂ ಕೆಲಹೊತ್ತು ಜೊತೆಯಾಗಿ ದುಡಿದರೆ ಸೊನ್ನೆಗಿಂತ ಹೆಚ್ಚು. ನುರಿತ ಈಜುಗಾರರು ನಿಧಾನವಾಗಿ ದೂರ ಹೋಗುವಾಗ ಬಿಡುವು ಕೊಟ್ಟು ಜಾರುತ್ತಾರೆ. ವೇಗ ಹೆಚ್ಚಿದಂತೆ ಬಿಡುವನ್ನು ಕಡಿಮೆ ಮಾಡುತ್ತಾರೆ. ಕಾರಣ, ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಎಲ್ಲರಿಗೂ ಒಂದೇ ತಾಳವಿಲ್ಲ.

ಹೊಸಬರಿಗೆ ಸುಲಭದ ಅಭ್ಯಾಸವೊಂದಿದೆ. ರಿಲೇ ಓಟದಲ್ಲಿ ಬ್ಯಾಟನ್ ಬರುವವರೆಗೆ ಮುಂದಿನವನು ಕಾಯುವಂತೆ, ಹಿಂದಿನ ಕೈ ಬಂದು ಮುಟ್ಟುವವರೆಗೆ ಮುಂದಿನ ಕೈ ಚಾಚಿಯೇ ಇರಲಿ. ಉಸಿರಿಗಾಗಿ ತಲೆ ಎತ್ತಬೇಡಿ, ಪಕ್ಕಕ್ಕೆ ಹೊರಳಿಸಿ. ತಲೆ ಎದ್ದರೆ ಕಾಲು ಮುಳುಗುತ್ತದೆ, ಮುಂದಿನ ಕೈ ನೀರನ್ನು ಕೆಳಕ್ಕೆ ಒತ್ತಿ ಸರದಿ ತಪ್ಪಿಸುತ್ತದೆ.

ಬೆಂಗಳೂರಿನ ನಿಶಾ ಮಿಲೆಟ್ ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುವುದರಿಂದ ಪಾರಾದವರು. ಅವರೇ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಗೆ ಇಳಿದ ಧೀನಿಧಿ ದೇಸಿಂಗು ಅವರಿಗೆ ಆಗ ಕೇವಲ 14 ವರ್ಷ, ಅವರೂ ಬೆಂಗಳೂರಿನವರೇ.

ನಮ್ಮ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋಗಬೇಕಿಲ್ಲ. ಆದರೆ ಹೊಲಗಳಲ್ಲಿ ಈಗ ಕೃಷಿ ಹೊಂಡಗಳಿವೆ. ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಕಾಲಿಗೆ ಹಿಡಿತ ಕೊಡುವುದಿಲ್ಲ. ಈಜು ಬಂದವರಿಗೂ ಮೇಲೇರುವುದು ಕಷ್ಟ. ಅಲ್ಲಿ ಒಂದು ಹಗ್ಗ ಇಳಿಬಿಟ್ಟಿರಲಿ, ಸುತ್ತ ಬೇಲಿ ಇರಲಿ. ಯಾರಾದರೂ ಬಿದ್ದರೆ ಮಕ್ಕಳು ಹಾರಬಾರದು. ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆದು ದೊಡ್ಡವರನ್ನು ಕೂಗಬೇಕು. ಒಬ್ಬರೇ ನೀರಿಗೆ ಇಳಿಯಲೇಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಕಮಾನು ಕಟ್ಟಿಸಿದ್ದೀರಿ, ಸಂತೋಷ. ಇನ್ನು ಪ್ರತಿ ಬೇಸಿಗೆಯಲ್ಲಿ ಒಂದು ತಂಡದ ಹುಡುಗ ಹುಡುಗಿಯರನ್ನು ಹುಬ್ಬಳ್ಳಿ-ಧಾರವಾಡದ ಈಜುಕೊಳಕ್ಕೆ ಕಳಿಸುವ ಬಸ್ ಖರ್ಚು, ಶುಲ್ಕ, ತರಬೇತುದಾರರ ಸಂಭಾವನೆ ನಮ್ಮ ಪಾಲಿಗಿರಲಿ. ಹತ್ತನೆಯ ತರಗತಿ ಮುಗಿಸುವ ಪ್ರತಿ ಮಗುವೂ 25 ಮೀಟರ್ ಈಜಬಲ್ಲದು ಎಂದು ಮುಂದಿನ ಸಂಚಿಕೆಯಲ್ಲಿ ಅಚ್ಚಾಗಲಿ. ಮೊದಲ ತಂಡದ ವೆಚ್ಚಕ್ಕೆ ನನ್ನ ಹೆಸರು ಬರೆದುಕೊಳ್ಳಿ.