ರೌಂಡಬೌಟ್ ಪ್ರದಕ್ಷಿಣ ಮಹಾತ್ಮೆ



ವೈದ್ಯನನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯ ಉಪದೇಶ ಬರುವುದೆಂದು ನೀವು ನಿರೀಕ್ಷಿಸುವುದು ಸಹಜ. ಆದರೆ ಊಟಕ್ಕೆ ಮುನ್ನ ಹೋಳಿಗೆಯ ವಿರುದ್ಧ ಮಾತನಾಡುವ ಧೈರ್ಯ ನನಗಿಲ್ಲ. ಆದ್ದರಿಂದ ಪ್ಯಾರಮಟ್ಟಾದ ಬಡಾವಣೆಗಳಲ್ಲಿ ನೆಲೆಸಿರುವ, ನಾವು ನಿತ್ಯ ಸುತ್ತಿಯೂ ಎಂದೂ ಸ್ತುತಿಸದ ರೌಂಡಬೌಟಿನ ಮಹಿಮೆಯನ್ನು ಯಥಾಮತಿ ನಿವೇದಿಸುತ್ತೇನೆ.

ಮೈಸೂರಿನ ಕೆ. ಆರ್. ವೃತ್ತದ ನಡುವೆ ನಾಲ್ವಡಿ ಕೃಷ್ಣರಾಜ ಒಡೆಯರು ಮಂಟಪದಡಿ ನಿಂತಿದ್ದಾರೆ. ಇಲ್ಲಿಯ ವೃತ್ತದ ಗರ್ಭಗುಡಿಯಲ್ಲಿರುವುದು ಒಂದು ಬಾಟಲ್ ಬ್ರಷ್ ಗಿಡ, ಒಂದಿಷ್ಟು ಹುಲ್ಲು, ಯಾರೋ ಅವಸರದ ಭಕ್ತ ಮೂಡಿಸಿದ ಟೈರಿನ ಗುರುತು. ಆದರೂ ಶಾಸ್ತ್ರಕ್ಕೆ ಲೋಪವಿಲ್ಲ. ಎಡಬದಿಯಲ್ಲಿ ಚಲಿಸುವ ಈ ನಾಡಿನಲ್ಲಿ ವೃತ್ತವು ಸದಾ ನಮ್ಮ ಬಲಕ್ಕಿರುವುದರಿಂದ ಇದು ಸಾಕ್ಷಾತ್ ಪ್ರದಕ್ಷಿಣೆ. ಅಮೆರಿಕದ ನಮ್ಮ ಬಂಧುಗಳು, ಪಾಪ, ಅಪ್ರದಕ್ಷಿಣೆ ಬರುತ್ತಿದ್ದಾರೆ! ಎಡಕ್ಕೆ ತಿರುಗುವವನಿಗೆ ಕಾಲು ಸುತ್ತಿನ ಪುಣ್ಯ, ನೇರ ಹೋಗುವವನಿಗೆ ಅರ್ಧ, ಬಲಕ್ಕೆ ಹೋಗುವವನಿಗೆ ಮುಕ್ಕಾಲು. ಮಗುವಿನ ಊಟದ ಡಬ್ಬಿ ಮರೆತು ಮನೆಗೆ ಹಿಂದಿರುಗುವ ತಾಯಿಗೆ ಮಾತ್ರ ಪೂರ್ಣಫಲ.

ಇದೊಂದು ಚಕ್ರವ್ಯೂಹವೂ ಹೌದು. ನ್ಯೂ ಸೌತ್ ವೇಲ್ಸ್‌ನಲ್ಲಿ 25 ವರ್ಷದೊಳಗಿನ ಕಲಿಕೆದಾರರು 120 ಗಂಟೆ, ಅದರಲ್ಲಿ 20 ಗಂಟೆ ರಾತ್ರಿ, ವಾಹನ ನಡೆಸಿ ಪುಸ್ತಕದಲ್ಲಿ ದಾಖಲಿಸಬೇಕು. ಹಳದಿ ಎಲ್ ಫಲಕ ಧರಿಸಿದ ಅಭಿಮನ್ಯು ಚಕ್ರ ಹಿಡಿದಿದ್ದಾನೆ. ಪಕ್ಕದಲ್ಲಿ ತಂದೆ, ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿಯುತ್ತಿದ್ದಾರೆ. ಪ್ರವೇಶವೇನೋ ಸುಲಭ. ಮಹಾಭಾರತದ ಬಾಲಕನಿಗೆ ತಿಳಿಯದೆ ಹೋದ ನಿರ್ಗಮನದ ರಹಸ್ಯ ಇಲ್ಲಿ ಎಡ ಇಂಡಿಕೇಟರಿನಲ್ಲಿದೆ. ಅದನ್ನು ಹಾಕದೆ ಹೊರಬೀಳುವ ಮಹಾರಥಿಗಳು ನಮ್ಮಲ್ಲಿ ಹೇರಳವಾಗಿದ್ದಾರೆ. ಕಾಯುತ್ತ ನಿಂತವನು ಅವರ ಮನಸ್ಸನ್ನು ಯೋಗದೃಷ್ಟಿಯಿಂದಲೇ ಅರಿಯಬೇಕು.

ಬಲಗಡೆಯವನಿಗೆ ದಾರಿ ಬಿಡಬೇಕೆಂದು ಅನೇಕರು ತಿಳಿದಿದ್ದಾರೆ. ಕಾನೂನು ಹೇಳುವುದು ಬೇರೆ: ಈಗಾಗಲೇ ವೃತ್ತದೊಳಗಿರುವ ವಾಹನಕ್ಕೆ ಹೊರಗಿನವನು ದಾರಿ ಬಿಡಬೇಕು. ಬೆನ್ಜ್ ಕಾರಿನ ಒಡೆಯನೂ ಒಳಗಿರುವ ಹಳೆಯ ಕೊರೊಲ್ಲಾಗೆ ಕಾಯಬೇಕು. ಹಾರ್ನಿಗೆ ಇಲ್ಲಿ ಯಾವ ಅಧಿಕಾರವೂ ಇಲ್ಲ. ಬೆಂಗಳೂರಿನಲ್ಲಿ ಪಳಗಿದ ಹೆಬ್ಬೆರಳಿಗೆ ಇದು ಕಠಿಣ ವ್ರತ. ಮೆಲ್ಬೋರ್ನಿನ ಸ್ನೇಹಿತರು ನಗುತ್ತಿರಬಹುದು. ಅವರ ಹೇಮಾರ್ಕೆಟ್ ವೃತ್ತದ ನಡುವೆ ಟ್ರಾಮುಗಳೇ ಹಾದುಹೋಗುತ್ತವೆ. ಬಲಕ್ಕೆ ತಿರುಗಲು ಎಡಬದಿಗೆ ಹೋಗಿ ಕಾಯುವ ಅವರ ಹುಕ್ ಟರ್ನ್ ವಿದ್ಯೆಗೆ ದೂರದಿಂದಲೇ ನಮಸ್ಕಾರ.

ಇಷ್ಟು ಹಾಸ್ಯದ ನಡುವೆ ವೃತ್ತಿಯ ಮಾತೊಂದನ್ನು ಹೇಳದಿರಲಾರೆ. ನಾಲ್ಕು ದಾರಿಗಳು ನೇರವಾಗಿ ಕೂಡುವ ಸಾಮಾನ್ಯ ಕೂಡುರಸ್ತೆಯಲ್ಲಿ ವಾಹನಗಳ ಹಾದಿಗಳು ಒಂದನ್ನೊಂದು ತಾಕಬಹುದಾದ ಬಿಂದುಗಳು 32 ಎಂದು ಎಂಜಿನಿಯರರು ಎಣಿಸುತ್ತಾರೆ. ಒಂಟಿ ಪಥದ ರೌಂಡಬೌಟಿನಲ್ಲಿ ಅವು 8 ಮಾತ್ರ. ಅದಕ್ಕಿಂತಲೂ ಮುಖ್ಯವಾದುದು ಪೆಟ್ಟು ಬೀಳುವ ಬಗೆ. ಪಕ್ಕದಿಂದ ಲಂಬವಾಗಿ ಬಂದು ಗುದ್ದಿದರೆ ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಇರುವುದು ಗೇಣಗಲದ ಜಾಗ. ಮುಂದೆ ಇಂಜಿನ್ನು ತಾಳಿಕೊಳ್ಳುವ ಪೆಟ್ಟನ್ನು ಇಲ್ಲಿ ಶ್ವಾಸಕೋಶ, ಗುಲ್ಮ, ಸೊಂಟದ ಮೂಳೆಗಳು ತಾಳಬೇಕಾಗುತ್ತದೆ. ವೃತ್ತವು ವೇಗವನ್ನು ತಗ್ಗಿಸಿ, ಆ ಗುದ್ದನ್ನು ಓರೆಯ ಉಜ್ಜಾಟವಾಗಿಸುತ್ತದೆ. ಬಂಪರು ಹೋಗುತ್ತದೆ, ಗುಲ್ಮ ಉಳಿಯುತ್ತದೆ.

ಆದರೆ ಈ ಕೃಪೆ ಕಾರಿನೊಳಗಿರುವವರಿಗೇ ಹೆಚ್ಚು. ಮೊಮ್ಮಕ್ಕಳನ್ನು ನೋಡಲು ಊರಿನಿಂದ ಬರುವ ನಮ್ಮ ತಂದೆತಾಯಿಯರು ಸಂಜೆ ವಾಯುವಿಹಾರಕ್ಕೆ ಹೊರಡುತ್ತಾರೆ. ಬೇರೆ ಕೂಡುರಸ್ತೆಗಳಲ್ಲಿ ತಿರುಗುವ ಕಾರುಗಳು ತಮಗಾಗಿ ನಿಲ್ಲುವುದನ್ನು ಕಂಡು, ಎಲ್ಲೆಲ್ಲೂ ಹೀಗೆಯೇ ಎಂದು ನಂಬುತ್ತಾರೆ. ರೌಂಡಬೌಟಿನಲ್ಲಿ ಪಾದಚಾರಿಗಳಿಗಾಗಿ ಜೀಬ್ರಾ ಪಟ್ಟೆ ಇಲ್ಲದಿದ್ದರೆ ಚಾಲಕನು ದಾರಿ ಬಿಡಬೇಕೆಂಬ ನಿಯಮವಿಲ್ಲ. ಅವನ ಕಣ್ಣು ಬಲಗಡೆಯ ಕಾರಿನ ಮೇಲಿರುತ್ತದೆ. ಎಡಗಡೆಯಿಂದ ಬೂದುಬಣ್ಣದ ಶಾಲು ಹೊದ್ದು ಇಳಿಯುವ ಅಜ್ಜಿ ಅವನಿಗೆ ಕಾಣಿಸುವುದು ತಡವಾಗಿ. ಎಪ್ಪತ್ತು ದಾಟಿದವರಿಗೆ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಅನೇಕರಿಗೆ ಕೈಗೂಡುವುದಿಲ್ಲ. ಅವರು ಬಂದಿಳಿದ ವಾರದಲ್ಲೇ, ಹ್ಯಾರಿಸ್ ಪಾರ್ಕಿನ ಅಂಗಡಿ ತೋರಿಸುವುದಕ್ಕೂ ಮೊದಲು, ಅವರ ಜೊತೆ ನಿಮ್ಮ ಬೀದಿಯ ವೃತ್ತದವರೆಗೆ ನಡೆದು ಹೋಗಿ. ವೃತ್ತದಿಂದ ತುಸು ದೂರದಲ್ಲಿ, ಎರಡೂ ಕಡೆ ಕಾಣುವಲ್ಲಿ ದಾಟುವ ಜಾಗವನ್ನು ತೋರಿಸಿ, ಒಮ್ಮೆ ಜೊತೆಯಲ್ಲೇ ದಾಟಿಸಿ.

ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ಅಧ್ಯಕ್ಷರೂ ಗಡಿಯಾರ ನೋಡುತ್ತಿದ್ದಾರೆ. ಅವರು ಈಗ ವೃತ್ತದೊಳಗಿದ್ದಾರೆ, ನಾನು ದಾರಿ ಬಿಡುತ್ತೇನೆ.